ನಿಲ್ಲದ ನಡುಕ: ಹೃದಯದ ಗೋಡೆಯೊಳಗೆ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ.

"ಶಾಕ್ ಕೊಟ್ಟು ಸರಿ ಮಾಡಿದ್ರಿ. ತಿಂಗಳಾಗಲಿಲ್ಲ, ಮತ್ತೆ ಶುರುವಾಯ್ತಲ್ಲ ಡಾಕ್ಟ್ರೇ?" ಏಟ್ರಿಯಲ್ ಫಿಬ್ರಿಲೇಷನ್ ಇರುವವರು ಪದೇ ಪದೇ ಕೇಳುವ ಮಾತು ಇದು. ಇವತ್ತು ಇದೊಂದನ್ನೇ ನೋಡೋಣ.

ಹೃದಯದ ಮೇಲಿನ ಎರಡು ಕೋಣೆಗಳಿಗೆ ಏಟ್ರಿಯಂ ಅನ್ನುತ್ತೇವೆ. ಅವು ಒಂದೇ ತಾಳಕ್ಕೆ ಬಡಿಯುವುದು ಬಿಟ್ಟು, ನಿಮಿಷಕ್ಕೆ 350ರಿಂದ 600 ಸಲ ಅಡ್ಡಾದಿಡ್ಡಿ ಅದುರುವುದೇ ಈ ಕಾಯಿಲೆ. ಕೆಲವರಿಗೆ ತಾನಾಗಿ ಬಂದು ತಾನಾಗಿ ಹೋಗುತ್ತದೆ. 7 ದಿನ ದಾಟಿಯೂ ನಿಲ್ಲದಿದ್ದರೆ ಅದು ಪರ್ಸಿಸ್ಟೆಂಟ್, ಅಂದರೆ ಬಿಡದೆ ಉಳಿದದ್ದು.

ಶುರುವಾಗುವುದು ಎಲ್ಲಿ ಅನ್ನುವುದು ಹೆಚ್ಚುಕಡಿಮೆ ಗೊತ್ತಿದೆ. 1998ರಲ್ಲಿ ಫ್ರಾನ್ಸಿನ ಬೋರ್ಡೋ ಊರಿನಲ್ಲಿ ಮಿಷೆಲ್ ಹೈಸಗೇರ್ ಮತ್ತು ಸಂಗಡಿಗರು 45 ರೋಗಿಗಳನ್ನು ಪರೀಕ್ಷಿಸಿದರು. ಕಿಡಿ ಹಾರುತ್ತಿದ್ದದ್ದು ಬಹುಪಾಲು ಪಲ್ಮನರಿ ವೇನ್‌ಗಳ ಒಳಗಿನಿಂದ, ಅಂದರೆ ಶ್ವಾಸಕೋಶದಿಂದ ರಕ್ತ ತರುವ ನಾಳಗಳಿಂದ. ಗೋಡೆಯ ಚಿಕ್ಕ ಜಾಗಗಳನ್ನು ಬೇಕೆಂದೇ ಸುಟ್ಟು ಅಲೆಯನ್ನು ತಡೆಯುವ ಇವತ್ತಿನ ಅಬ್ಲೇಷನ್ ಚಿಕಿತ್ಸೆಗೆ ಅದೇ ಬುನಾದಿ. ಆದರೆ ಕಿಡಿ ಹಾರಿದ ಮಾತ್ರಕ್ಕೆ ನಡುಕ ತಿಂಗಳುಗಟ್ಟಲೆ ಮುಂದುವರಿಯುವುದಿಲ್ಲ, ಅದಕ್ಕೆ ನೆಲೆ ಬೇಕು. ಆ ನೆಲೆ ಗೋಡೆಯ ಮಾಂಸದಲ್ಲೇ ಇದೆ.

ವಿದ್ಯುತ್ ಅಲೆಯೊಂದು ಸುತ್ತು ಹೊಡೆಯುವುದನ್ನು ದೇವಸ್ಥಾನದ ಪ್ರದಕ್ಷಿಣೆ ಅಂದುಕೊಳ್ಳಿ. ಅಲೆ ದಾಟಿದ ಜಾಗ ಸ್ವಲ್ಪ ಹೊತ್ತು ದಣಿದಿರುತ್ತದೆ, ಮತ್ತೆ ಅಲೆಯನ್ನು ಒಪ್ಪುವುದಿಲ್ಲ. ಸುತ್ತು ಹಾಕಿ ಬರುವಷ್ಟರಲ್ಲಿ ಅದು ಸುಧಾರಿಸಿಕೊಂಡಿದ್ದರೆ ಮಾತ್ರ ಪ್ರದಕ್ಷಿಣೆ ಮುಂದುವರಿಯುತ್ತದೆ. ಲೆಕ್ಕ ಹಾಕೋಣ. ಅಲೆ ಸೆಕೆಂಡಿಗೆ 80 ಸೆಂಟಿಮೀಟರ್ ಓಡುತ್ತದೆ, ದಣಿವು ಕಾಲು ಸೆಕೆಂಡು ಅಂದರೆ ಸುತ್ತಿಗೆ 20 ಸೆಂಟಿಮೀಟರ್ ದಾರಿ ಬೇಕು. ಅಷ್ಟುದ್ದದ ಸುತ್ತು ಏಟ್ರಿಯಂನಲ್ಲಿ ಹಿಡಿಸುವುದೇ ಕಷ್ಟ. ಓಟ ಅರ್ಧಕ್ಕಿಳಿದು, ದಣಿವೂ ಅರ್ಧವಾದರೆ? 5 ಸೆಂಟಿಮೀಟರ್ ಸಾಕು. ಆಗ ಒಂದಲ್ಲ, ನಾಲ್ಕಾರು ಸುತ್ತುಗಳು ಒಟ್ಟೊಟ್ಟಿಗೆ ನಡೆಯಬಹುದು.

ನಡುಕ ಶುರುವಾದ ಮೇಲೆ ಈ ದಣಿವಿನ ಹೊತ್ತು ಬೇಗ ಕಡಿಮೆಯಾಗುತ್ತದೆ. 1995ರಲ್ಲಿ ನೆದರ್ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಮೌರಿಟ್ಸ್ ಅಲೆಸ್ಸಿ ಅವರ ತಂಡ ಮೇಕೆಗಳಲ್ಲಿ ಇದನ್ನು ತೋರಿಸಿತು. ಯಂತ್ರದಿಂದ ನಡುಕ ಹುಟ್ಟಿಸಿದರೆ ಮೊದಮೊದಲು ಕೆಲವೇ ಸೆಕೆಂಡಿಗೆ ನಿಲ್ಲುತ್ತಿತ್ತು. ನಿಂತ ಕೂಡಲೇ ಮತ್ತೆ ಹುಟ್ಟಿಸುತ್ತಾ ಹೋದರು. ಒಂದೆರಡು ವಾರದಲ್ಲಿ 11 ಮೇಕೆಗಳಲ್ಲಿ 10ಕ್ಕೆ ನಡುಕ 24 ಗಂಟೆ ದಾಟಿಯೂ ನಿಲ್ಲಲಿಲ್ಲ. ನಡುಕವೇ ನಡುಕಕ್ಕೆ ದಾರಿ ಮಾಡಿಕೊಟ್ಟಿತು. ತಾಳ ಸರಿಪಡಿಸಿದ ಮೇಲೆ ಈ ವಿದ್ಯುತ್ ಬದಲಾವಣೆ ಒಂದು ವಾರದಲ್ಲಿ ಹಿಂದಕ್ಕೆ ಹೋಯಿತು, ಅದು ಸಮಾಧಾನದ ವಿಷಯ.

ಹಿಂದಕ್ಕೆ ಸುಲಭವಾಗಿ ಹೋಗದ್ದು ಮಾಂಸದ ರಚನೆ. ಸ್ನಾಯುವಿನ ಒಂದೊಂದು ಕೋಶವೂ ಸುಮಾರು 0.1 ಮಿಲಿಮೀಟರ್ ಉದ್ದ. ತುದಿಗೆ ತುದಿ ಕೂಡಿದ ಕಡೆ ಸಂಪರ್ಕ ಜಾಸ್ತಿ, ಪಕ್ಕಕ್ಕೆ ಕಡಿಮೆ. ಹಾಗಾಗಿ ಅಲೆ ಎಳೆಯ ಉದ್ದಕ್ಕೆ ಜೋರಾಗಿ, ಅಡ್ಡಕ್ಕೆ ನಿಧಾನವಾಗಿ ಹೋಗುತ್ತದೆ. ವಯಸ್ಸು, ಬಿಪಿ, ಬೊಜ್ಜು, ವಾಲ್ವ್ ತೊಂದರೆ ಸೇರಿದರೆ ಎಳೆಗಳ ನಡುವೆ ಕೊಲಾಜೆನ್ ಅನ್ನುವ ಗಟ್ಟಿ ನಾರು ತುಂಬುತ್ತದೆ. ಇದೇ ಫೈಬ್ರೋಸಿಸ್. ಒಂದೇ ಕಡೆ ದೊಡ್ಡ ಕಲೆ ಬಿದ್ದರೆ ಅಲೆ ಬಳಸಿಕೊಂಡು ಹೋದೀತು. ಎಳೆ ಎಳೆಯ ನಡುವೆ ನುಸುಳಿದ ಸಣ್ಣ ತಡೆಗಳೇ ಹೆಚ್ಚು ಕಾಟ ಕೊಡುತ್ತವೆ. ಪಕ್ಕದ ಸಂಪರ್ಕ ಕಡಿದು, ಅಲೆ ಅಂಕುಡೊಂಕಾಗಿ ತೆವಳುತ್ತದೆ.

ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಅಷ್ಟರಲ್ಲೇ ಒಳಪದರ ಮತ್ತು ಹೊರಪದರದ ಎಳೆಗಳು ಬೇರೆ ಬೇರೆ ದಿಕ್ಕಿಗೆ ಸಾಗಿರುತ್ತವೆ. ನಡುಕ ಹಳೆಯದಾದಂತೆ ಎರಡೂ ಪದರ ತಮ್ಮ ಪಾಡಿಗೆ ತಾವು ಬಡಿಯತೊಡಗುತ್ತವೆ. ಒಂದು ಕಡೆ ಅಲೆ ಸತ್ತರೆ ಇನ್ನೊಂದು ಪದರದಿಂದ ಹೊಸ ಅಲೆ ತೂರಿ ಬರುತ್ತದೆ. ಅಮೆರಿಕದ ಒಹಾಯೋದಲ್ಲಿ ವಾಡಿಮ್ ಫೆಡೊರೊವ್ ಅವರ ತಂಡ, ಕಸಿಗಾಗಿ ತೆಗೆದಿದ್ದ ಮನುಷ್ಯರ ಹೃದಯಗಳನ್ನು ಒಳಗಿನಿಂದಲೂ ಹೊರಗಿನಿಂದಲೂ ಒಟ್ಟಿಗೇ ನೋಡಿತು. ಫೈಬ್ರೋಸಿಸ್ ಅಂಚುಕಟ್ಟಿದ ಪುಟ್ಟ ಸುತ್ತುಗಳು ಗೋಡೆಯೊಳಗೇ ಸಿಕ್ಕವು. ಮೇಲಿನಿಂದ ಮಾತ್ರ ನೋಡಿದ್ದರೆ ಒಂದು ಚುಕ್ಕಿಯಿಂದ ಅಲೆ ಹೊರಟಂತೆ ಕಾಣುತ್ತಿತ್ತು, ಅಷ್ಟೇ.

ಹಾಗಾದರೆ ಜಾಸ್ತಿ ಸುಟ್ಟರೆ ಜಾಸ್ತಿ ಲಾಭವೇ? ಎಲ್ಲರೂ ಹಾಗೇ ಅಂದುಕೊಂಡಿದ್ದರು. 2015ರಲ್ಲಿ ಬಂದ ಸ್ಟಾರ್ ಎಎಫ್-2 ಅಧ್ಯಯನದಲ್ಲಿ 589 ರೋಗಿಗಳಿದ್ದರು. ವೇನ್‌ಗಳ ಸುತ್ತ ಸುಟ್ಟು, ಅಲ್ಲಿನ ಕಿಡಿ ಹೊರಗೆ ಬರದಂತೆ ಬೇರ್ಪಡಿಸುವುದರ ಜೊತೆಗೆ ಹೆಚ್ಚುವರಿ ಗೆರೆ ಎಳೆದು ಸುಟ್ಟರೂ ಫಲ ಹೆಚ್ಚಲಿಲ್ಲ. 2022ರ ಡೆಕಾಫ್-2ರಲ್ಲಿ ಎಂಆರ್‌ಐ ತೋರಿಸಿದ ಫೈಬ್ರೋಸಿಸ್ ಜಾಗಗಳನ್ನೂ ಸುಟ್ಟು ನೋಡಿದರು, ಅಲ್ಲೂ ಅದೇ ಕಥೆ. ನನಗೆ ಇದು ಅಷ್ಟೇನೂ ಆಶ್ಚರ್ಯ ಅನಿಸುವುದಿಲ್ಲ. ಸುಟ್ಟ ಜಾಗವೂ ಕೊನೆಗೆ ಕಲೆಯೇ ಅಲ್ವಾ?

ಅದಕ್ಕೇ ತಡಮಾಡಬೇಡಿ ಅನ್ನುವುದು. ನಡುಕ ಹೊಸದಿದ್ದಾಗಲೇ ತಾಳ ಸರಿಪಡಿಸಲು ನೋಡುವುದು ವಾಸಿ. ಬಿಪಿ, ತೂಕ, ಗೊರಕೆಯ ಜೊತೆ ಉಸಿರುಕಟ್ಟುವ ತೊಂದರೆ, ಇವನ್ನು ಹತೋಟಿಗೆ ತಂದರೆ ಗೋಡೆಯ ಮೇಲಿನ ಭಾರ ಇಳಿಯುತ್ತದೆ. ನಮ್ಮಲ್ಲಿ ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ವಾಲ್ವ್ ಕಿರಿದಾಗಿ, ಎಡ ಏಟ್ರಿಯಂ ಹಿಗ್ಗಿದವರು ಇನ್ನೂ ಇದ್ದಾರೆ. ಅವರಿಗೆ ಮೊದಲು ವಾಲ್ವ್ ನೋಡಬೇಕು. ಇನ್ನೊಂದು ಮಾತು. ತಾಳ ಸರಿಹೋಯಿತು ಅಂತ ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಇಸಿಜಿ ಚೆನ್ನಾಗಿ ಕಂಡರೂ ಗೋಡೆ ಹಳೆಯದೇ ಇರುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯ ಉಳಿದಿರಬಹುದು.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.