ಉಸಿರು ಎಲ್ಲಿ ತಗೊಳ್ಳೋದು?

ಕೇಳುಗರಿಗೆ ನಮಸ್ಕಾರ.

ಮೈಕಿನ ಮುಂದೆ ಕೂರಿಸುವ ಮೊದಲು ಇಲ್ಲಿ ಎಲ್ಲರಿಗೂ ಎರಡು ಮಾತು ಹೇಳುತ್ತಾರೆ. ಕಾಗದ ಮಗುಚುವ ಸದ್ದು ಬರಬಾರದು. ಉಸಿರೆಳೆದುಕೊಳ್ಳುವ ಸದ್ದಂತೂ ಬರಲೇಬಾರದು. ನನಗೂ ಹೇಳಿದರು. ತಲೆಯಾಡಿಸಿ ಒಳಗೆ ಬಂದು ಕೂತೆ. ಆದರೆ ನಾನಿವತ್ತು ಮಾತಾಡಲು ಬಂದಿರುವುದೇ ಉಸಿರಿನ ಬಗ್ಗೆ. ಹತ್ತಾರು ಜನ ಒಟ್ಟಾಗಿ ಹಾಡುವಾಗ ಯಾರು, ಯಾವಾಗ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬ ಬಗ್ಗೆ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಹುಟ್ಟಿದ್ದು ತೀರ್ಥಹಳ್ಳಿ ಕಡೆ, ಈಗಿರುವುದು ಶಿವಮೊಗ್ಗದ ವಿನೋಬನಗರದಲ್ಲಿ. ಶನಿವಾರ ಸಂಜೆ ನಾವು 14 ಜನ ಸ್ನೇಹಿತರೊಬ್ಬರ ಮನೆಯ ಮಹಡಿಯಲ್ಲಿ, ತಗಡಿನ ಶೀಟಿನ ಕೆಳಗೆ ಸೇರಿ ಸಮೂಹಗಾನ ಅಭ್ಯಾಸ ಮಾಡುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಶಾಲೆಯ ಟೀಚರುಗಳಿದ್ದಾರೆ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರೊಬ್ಬರಿದ್ದಾರೆ. ನನ್ನದು ಹಿಂದಿನ ಸಾಲು. ಕಂಠ ಅಷ್ಟಕ್ಕಷ್ಟೇ.

ಒಂದು ವರ್ಷ ರಾಜ್ಯೋತ್ಸವದ ದಿನ ವೇದಿಕೆ ಹತ್ತಿದೆವು. ಶ್ರುತಿ ಸರಿಯಿತ್ತು, ತಾಳ ಸರಿಯಿತ್ತು, ಸಾಹಿತ್ಯ ಯಾರೂ ಮರೆಯಲಿಲ್ಲ. ಆದರೆ ಉದ್ದದ ಒಂದು ಸಾಲಿನ ನಡುವೆ 14 ಜನರೂ ಒಂದೇ ಜಾಗದಲ್ಲಿ ಉಸಿರು ಎಳೆದುಕೊಂಡೆವು. ಮಳೆಗಾಲ ಕಳೆದ ಮೇಲೆ ನಮ್ಮ ಘಾಟಿ ರಸ್ತೆಯಲ್ಲಿ ಇದ್ದಕ್ಕಿದ್ದಂತೆ ಸಿಗುತ್ತದಲ್ಲ, ಅಂಥದೇ ಹೊಂಡ ಹಾಡಿನ ಮಧ್ಯೆ ಬಿತ್ತು. ಕೆಳಗಿಳಿದ ಮೇಲೆ ಯಾರೂ ಆ ಮಾತೆತ್ತಲಿಲ್ಲ. ನನಗೆ ಮಾತ್ರ ಅದು ಹುಳ ಬಿಟ್ಟ ಹಾಗಾಯಿತು. ಅಲ್ಲಿಂದ ಸಮೂಹಗಾನದ ಮೇಲೆ ಜಗತ್ತಿನಲ್ಲಿ ಯಾರು ಏನು ಸಂಶೋಧನೆ ಮಾಡಿದ್ದಾರೆ ಎಂದು ಹುಡುಕಿ ಓದತೊಡಗಿದೆ.

ಓದುತ್ತ ಹೋದರೆ ಎಲ್ಲ ದಾರಿಯೂ ಜರ್ಮನಿಯ ಕೋರಾಲ್‌ಗೆ ಹೋಗಿ ಮುಟ್ಟುತ್ತದೆ. ಕೋರಾಲ್ ಎಂದರೆ ಲೂಥರನ್ ಚರ್ಚಿನಲ್ಲಿ ಸಭೆಯವರೆಲ್ಲ ಸೇರಿ ಹಾಡುವ ಗೀತೆ. ಮಾರ್ಟಿನ್ ಲೂಥರ್, ಪಾದ್ರಿಗಳು ಲ್ಯಾಟಿನ್ನಿನಲ್ಲಿ ಹಾಡುವುದನ್ನು ಜನ ಕೇಳುತ್ತ ನಿಂತರೆ ಸಾಲದು, ಅವರೇ ತಮ್ಮ ಮಾತಿನಲ್ಲಿ ಹಾಡಬೇಕು ಎಂದವನು. 1524ರಲ್ಲಿ ಎಂಟೇ ಎಂಟು ಹಾಡುಗಳ ಪುಟ್ಟ ಪುಸ್ತಕ ಅಚ್ಚಾಯಿತು. ಅದರಲ್ಲಿ ನಾಲ್ಕು ಲೂಥರನವೇ. ಅಲ್ಲಿಂದ ಸುಮಾರು 200 ವರ್ಷ ಜನರ ಬಾಯಲ್ಲಿ ಸವೆದು ನುಣುಪಾದ ರಾಗಗಳನ್ನು ಎತ್ತಿಕೊಂಡು, ಅವಕ್ಕೆ ನಾಲ್ಕು ಧ್ವನಿಗಳ, ಅಂದರೆ ಒಟ್ಟಿಗೇ ಬೇರೆ ಬೇರೆ ಸ್ವರ ಹಾಡುವ ನಾಲ್ಕು ಪಾಲುಗಳ, ಹೊಂದಾಣಿಕೆ ಕೂರಿಸಿದವನು ಲೈಪ್‌ಜಿಗ್ ನಗರದ ಯೋಹಾನ್ ಸೆಬಾಸ್ಟಿಯನ್ ಬಾಖ್. ರಾಗ ಬಹುತೇಕ ಅವನದಲ್ಲ. ಮೇಲಿನ ಧ್ವನಿ ಜನರದು, ಕೆಳಗಿನ ಮೂರು ಅವನವು.

ಬಾಖ್ ತೀರಿಕೊಂಡದ್ದು 1750ರಲ್ಲಿ. 1784ರಿಂದ 1787ರವರೆಗೆ ನಾಲ್ಕು ಭಾಗಗಳಲ್ಲಿ ಇಂಥ 371 ಕೋರಾಲ್‌ಗಳು ಅಚ್ಚಾಗಿ ಬಂದವು. ಸಂಗೀತ ಕಲಿಯುವ ಹುಡುಗರು ಜಗತ್ತಿನಾದ್ಯಂತ ಇವತ್ತಿಗೂ ಸ್ವರಮೇಳದ ನಿಯಮಗಳನ್ನು ಕಲಿಯುವುದು ಈ ಸಂಗ್ರಹದಿಂದಲೇ. ಆದರೆ ಅಚ್ಚು ಹಾಕಿದವರು ಒಂದು ಕೆಲಸ ಮಾಡಿಬಿಟ್ಟಿದ್ದರು. ಹಾಡಿನ ಮಾತುಗಳನ್ನು ಕೈಬಿಟ್ಟಿದ್ದರು. ಪುಟದ ತುಂಬ ಸ್ವರ, ಸಾಹಿತ್ಯ ಒಂದಕ್ಷರವಿಲ್ಲ. ಹಾಡಲೆಂದು ಹುಟ್ಟಿದ್ದು ಪಾಠಕ್ಕೆಂದು ಉಳಿಯಿತು.

ಇದನ್ನು ಓದಿದಾಗ ನನ್ನ ಕಪಾಟಿನಲ್ಲಿರುವ ನಮ್ಮ ಜನಪದ ಗೀತೆಗಳ ಸಂಕಲನಗಳ ಕಡೆ ಕಣ್ಣು ಹೋಯಿತು. ಸೋಬಾನೆ ಪದ, ನಾಟಿ ಪದ, ಕೋಲಾಟದ ಪದ, ದೀಪಾವಳಿಯ ಪದ. ಮಾತೆಲ್ಲ ಇದೆ, ಅಡಿಟಿಪ್ಪಣಿ ಇದೆ, ಪಾಠಾಂತರವೂ ಇದೆ. ಮಟ್ಟು ಮಾತ್ರ ಇಲ್ಲ. ಧ್ವನಿಮುದ್ರಣ ಮಾಡಿಕೊಂಡ ಪುಣ್ಯಾತ್ಮರಿಲ್ಲವೆಂದಲ್ಲ, ಇದ್ದಾರೆ. ಆದರೆ ನನ್ನ ಕೈಗೆ ಬಂದ ಪುಸ್ತಕಗಳಲ್ಲಿ ಅದು ಬಂದಿಲ್ಲ. ಅವರು ಮಾತು ಬಿಟ್ಟು ಸ್ವರ ಅಚ್ಚು ಹಾಕಿದರು, ನಾವು ಸ್ವರ ಬಿಟ್ಟು ಮಾತು. ಹಾಡುವವನು ಎಲ್ಲಿ ಉಸಿರು ತಗೊಂಡ ಎನ್ನುವುದು ಮಾತ್ರ ಎರಡು ಕಡೆಯೂ ತಿಳಿಯದೇ ಹೋಯಿತು.

ಪೂರ್ತಿ ಹೋಗಲಿಲ್ಲ ಅನ್ನಬೇಕು. ಕೋರಾಲ್‌ನ ಪ್ರತಿ ಸಾಲಿನ ಕೊನೆಗೆ ಒಂದು ಗುರುತಿದೆ, ಫರ್ಮಾಟಾ ಅಂತ ಹೆಸರು. ನಮ್ಮ ಚಂದ್ರಬಿಂದುವನ್ನು ತಲೆಕೆಳಗು ಮಾಡಿದ ಹಾಗೆ, ಕಮಾನಿನ ಕೆಳಗೊಂದು ಚುಕ್ಕೆ. ಬೇರೆ ಸಂಗೀತದಲ್ಲಿ ಅದರರ್ಥ ಆ ಸ್ವರದ ಮೇಲೆ ಇಷ್ಟ ಬಂದಷ್ಟು ನಿಲ್ಲು ಎಂದು. ಕೋರಾಲ್‌ನಲ್ಲಿ? ವಿದ್ವಾಂಸರಲ್ಲಿ ಒಮ್ಮತವಿಲ್ಲ. ಪ್ರತಿ ಸಾಲಿಗೂ ನಿಂತು ಹೊರಡಬೇಕು ಎನ್ನುವವರಿದ್ದಾರೆ. ಅದು ಸಾಲು ಮುಗಿಯಿತೆಂಬ ಸೂಚನೆ, ಉಸಿರಿಗೆ ಜಾಗ, ಅಷ್ಟೇ ಎನ್ನುವವರಿದ್ದಾರೆ. ಬಾಖ್ ಆರ್ಗನ್ನಿಗೆ ಬರೆದ ಕೃತಿಗಳಲ್ಲಿ ರಾಗದ ಸಾಲಿನ ಕೊನೆಗೆ ಇದೇ ಗುರುತಿರುತ್ತದೆ, ಆದರೆ ಉಳಿದ ಧ್ವನಿಗಳು ಅಲ್ಲಿ ನಿಲ್ಲದೆ ಹರಿದುಹೋಗುತ್ತಿರುತ್ತವೆ. ಹಾಗಾಗಿ ನಾನು ಎರಡನೆಯವರ ಪಕ್ಷ. ನನ್ನ ಪಕ್ಷ ಕಟ್ಟಿಕೊಂಡು ಅವರಿಗೇನಾಗಬೇಕು, ಅದು ಬೇರೆ ಮಾತು.

ಇನ್ನೊಂದು ಜಗಳ ಇದಕ್ಕಿಂತ ರುಚಿಯಾದದ್ದು. ಬಾಖ್‌ನ ಮೇಳದಲ್ಲಿ ಎಷ್ಟು ಜನ ಹಾಡುತ್ತಿದ್ದರು? 1730ರಲ್ಲಿ ಅವನೇ ನಗರ ಸಭೆಗೆ ಒಂದು ಮನವಿ ಬರೆದಿದ್ದಾನೆ: ಒಂದೊಂದು ಮೇಳಕ್ಕೆ ಕಡಿಮೆಯೆಂದರೂ 12 ಹಾಡುಗಾರರು ಬೇಕು, 16 ಆದರೆ ಇನ್ನೂ ಒಳ್ಳೆಯದು. ಓದಿದಾಗ ಖುಷಿಯಾಯಿತು, ನಮ್ಮ 14 ಸರಿಯಾಗಿ ನಡುವೆ ಬರುತ್ತದೆ! ಆದರೆ 1981ರಲ್ಲಿ ಜೊಶುವಾ ರಿಫ್ಕಿನ್ ಎಂಬ ಅಮೆರಿಕದ ವಿದ್ವಾಂಸರು, ಬಾಖ್‌ನ ಹಾಡುಗಳನ್ನು ಸಾಮಾನ್ಯವಾಗಿ ಒಂದು ಧ್ವನಿಗೆ ಒಬ್ಬನೇ ಹಾಡುತ್ತಿದ್ದ ಎಂದು ವಾದ ಹೂಡಿದರು. ಆಗ ಬಳಸಿದ ಹಾಳೆಗಳು ಎಷ್ಟು ಪ್ರತಿ ಉಳಿದಿವೆ, ಒಂದು ಹಾಳೆಯನ್ನು ಎಷ್ಟು ಜನ ನೋಡಿ ಹಾಡಿರಬಹುದು ಎಂಬ ಲೆಕ್ಕ ಅವರದು. ಇವತ್ತಿಗೂ ಆ ವಾದ ತಣ್ಣಗಾಗಿಲ್ಲ. ನನಗೆ ಕಂಡದ್ದು ಇಷ್ಟು: ಧ್ವನಿಗೆ ಒಬ್ಬನೇ ಎಂದಾದರೆ ಅವನ ಉಸಿರನ್ನು ಬಚ್ಚಿಡುವವರು ಯಾರೂ ಇಲ್ಲ. ಇಬ್ಬರಾದರೆ ಒಬ್ಬ ಬಿಟ್ಟಾಗ ಇನ್ನೊಬ್ಬ ಹಿಡಿಯಬಹುದು. ಸಂಖ್ಯೆ ಬದಲಾದರೆ ಹಾಡಿನ ಸ್ವಭಾವವೇ ಬದಲಾಗುತ್ತದೆ.

ಈ ಜರ್ಮನ್ ರಾಗಗಳು ನಮಗೆ ತೀರ ಹೊರಗಿನವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಇಂಥ ರಾಗಗಳ ಮೇಲೆ ಕನ್ನಡದ ಮಾತು ಕೂರಿಸಿದರು. ಅವರಲ್ಲೊಬ್ಬರಾದ ಕಿಟೆಲ್ ನಾಗವರ್ಮನ ಛಂದಸ್ಸಿನ ಗ್ರಂಥವನ್ನು 1875ರಲ್ಲಿ ಸಂಪಾದಿಸಿ ಪ್ರಕಟಿಸಿದವರು. ಲಘು ಗುರುಗಳ ಕಷ್ಟ ಅವರಿಗೆ ಚೆನ್ನಾಗಿಯೇ ಗೊತ್ತಿದ್ದಿರಬೇಕು. ಜರ್ಮನ್ ಮಾತು ಬಹಳ ಸಲ ವ್ಯಂಜನದಲ್ಲಿ ಮುಗಿಯುತ್ತದೆ. ಮೂವತ್ತು ಜನ ಮೂವತ್ತು ಕ್ಷಣಕ್ಕೆ ಒಂದು ‘ಸ್’ ಎಂದರೆ ಒಗ್ಗರಣೆ ಹಾಕಿದ ಹಾಗೆ ಕೇಳುತ್ತದೆ. ಕನ್ನಡದ ಮಾತು ಹೆಚ್ಚಾಗಿ ಸ್ವರದಲ್ಲೇ ಮುಗಿಯುವುದರಿಂದ ನಮಗೆ ಆ ತಾಪತ್ರಯ ಕಡಿಮೆ. ಎಳೆದಷ್ಟೂ ಎಳೆಯಬಹುದು. ಎಳೆದೂ ಎಳೆದೂ ಉಸಿರು ಕಟ್ಟುವುದು ನಮ್ಮ ತಾಪತ್ರಯ.

ಈಗ ನಮ್ಮ ತಗಡಿನ ಶೀಟಿಗೆ ಬರುತ್ತೇನೆ. ಆಷಾಢದಲ್ಲಿ ಅದರ ಮೇಲೆ ಮಳೆ ಹೊಯ್ಯುವಾಗ ನಮ್ಮ ಅಭ್ಯಾಸ ಹಾಡಾಗಿ ಉಳಿಯುವುದಿಲ್ಲ, ಕೂಗಾಗುತ್ತದೆ. ಸುತ್ತ ಸದ್ದು ಏರಿದರೆ ಮನುಷ್ಯ ತನಗರಿವಿಲ್ಲದೇ ಧ್ವನಿ ಏರಿಸುತ್ತಾನೆ ಎಂಬುದನ್ನು ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯರು 1911ರಲ್ಲೇ ಬರೆದಿದ್ದರು. ಸಮೂಹಗಾನದಲ್ಲಿ ಆ ಸದ್ದು ಮಳೆಯೇ ಆಗಬೇಕಿಲ್ಲ, ಪಕ್ಕದವನೇ ಸಾಕು. ಅವನು ಏರಿಸಿದ ಅಂತ ಇವನು, ಇವನು ಏರಿಸಿದ ಅಂತ ಅವನು. ಹೆಚ್ಚು ಗಾಳಿ ಖರ್ಚು, ಬೇಗ ಉಸಿರು ಖಾಲಿ.

ಸ್ಟಾಕ್‌ಹೋಮ್‌ನಲ್ಲಿ ಸ್ಟೆನ್ ಟರ್ನ್‌ಸ್ಟ್ರೋಮ್ ಎಂಬ ಸಂಶೋಧಕರು ಇದನ್ನೇ ಅಳೆದರು. ಮೇಳದಲ್ಲಿ ನಿಂತವನಿಗೆ ತನ್ನ ಧ್ವನಿ ಎಷ್ಟು ಕೇಳಬೇಕು, ಉಳಿದವರದು ಎಷ್ಟು? ಹಾಡುಗಾರರು ಸರಾಸರಿ ಬಯಸಿದ್ದು ತಮ್ಮ ಧ್ವನಿ ಉಳಿದವರದಕ್ಕಿಂತ ಸುಮಾರು 6 ಡೆಸಿಬೆಲ್ ಜಾಸ್ತಿ ಇರಲಿ ಎಂದು. ಗಾಳಿಯ ಒತ್ತಡದ ಲೆಕ್ಕದಲ್ಲಿ ಅದು ಎರಡರಷ್ಟು. ಆದರೆ ಒಬ್ಬೊಬ್ಬರ ಬಯಕೆಯೂ ಬೇರೆ. ತನ್ನದು ಚೆನ್ನಾಗಿ ಕೇಳಲೇಬೇಕು ಎನ್ನುವವನಿದ್ದಾನೆ, ಸಮಸಮ ಇದ್ದರೆ ಸಾಕು ಎನ್ನುವವನೂ ಇದ್ದಾನೆ. ಇದನ್ನು ಓದಿ ನಾನು ಮಾಡಿದ್ದು ಒಂದೇ. ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದ ನಮ್ಮವರನ್ನು ಒಂದೊಂದು ಮಾರು ದೂರ ನಿಲ್ಲಿಸಿದೆ. ‘ಇದೆಂಥ ಡ್ರಿಲ್ ಮೇಷ್ಟ್ರೇ’ ಅಂದರು. ಎರಡನೇ ಶನಿವಾರಕ್ಕೆ ಅರ್ಧ ಜನರ ಕೂಗು ತಾನಾಗಿ ಇಳಿಯಿತು.

ಶಾಸ್ತ್ರೀಯವಾಗಿ ಕಲಿತ ಒಬ್ಬರ ಕಂಠ ಮಾತ್ರ ಎಲ್ಲಿ ನಿಲ್ಲಿಸಿದರೂ ಎದ್ದು ಕೇಳುತ್ತಿತ್ತು. ಸ್ವೀಡನ್ನಿನವರೇ ಇದನ್ನೂ ಅಳೆದಿದ್ದಾರೆ: ಪಶ್ಚಿಮದ ಏಕವ್ಯಕ್ತಿ ಗಾಯಕರ ಧ್ವನಿಯಲ್ಲಿ 3,000 ಹರ್ಟ್ಸ್ ಆಸುಪಾಸು ಒಂದು ಹೊಳಪಿರುತ್ತದೆ, ಮೇಳದಲ್ಲಿ ಹಾಡುವಾಗ ಅದೇ ಗಾಯಕರು ಅದನ್ನು ಕುಗ್ಗಿಸಿಕೊಳ್ಳುತ್ತಾರೆ. ನಮ್ಮವರಿಗೆ ಇದನ್ನು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಈಗ ಕೇಳಿಸಿಕೊಳ್ಳುತ್ತಿದ್ದರೆ ಅವರು ದಯವಿಟ್ಟು ಕ್ಷಮಿಸಬೇಕು.

ಹೃದಯದ ಮಾತಿಗೆ ಬರೋಣ. 2013ರಲ್ಲಿ ಸ್ವೀಡನ್ನಿನ ಯೋತೆಬೋರಿಯಲ್ಲಿ ಬ್ಯೋರ್ನ್ ವಿಕ್‌ಹೋಫ್ ಮತ್ತು ಜೊತೆಗಾರರು 18 ವರ್ಷದ 15 ಮಕ್ಕಳಿಗೆ ಹೃದಯ ಬಡಿತ ಅಳೆಯುವ ಸಾಧನ ಕಟ್ಟಿ ಹಾಡಿಸಿದರು. ಒಮ್ಮೆ ಒಂದೇ ಸ್ವರದಲ್ಲಿ ಗುನುಗುವುದು, ಬೇಕಾದಾಗ ಉಸಿರು. ಒಮ್ಮೆ ಒಂದು ಭಕ್ತಿಗೀತೆ. ಒಮ್ಮೆ ನಿಧಾನವಾದ ಮಂತ್ರದಂಥ ಸಾಲು, ಉಸಿರು ಸಾಲಿನ ಕೊನೆಗೆ ಮಾತ್ರ. ಉಸಿರು ಎಳೆದುಕೊಂಡಾಗ ಹೃದಯ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ, ಇದು ಎಲ್ಲರಲ್ಲೂ ಇರುವಂಥದು. ಹಾಡು ಎಲ್ಲರ ಉಸಿರನ್ನು ಒಂದೇ ಹದಕ್ಕೆ ತಂದರೆ, ಹೃದಯದ ಈ ಏರಿಳಿತವೂ ಒಟ್ಟಿಗೆ ಸಾಗುತ್ತದೆ. ಪತ್ರಿಕೆಗಳು ಇದನ್ನು ‘ಹಾಡುವವರ ಹೃದಯಗಳು ಒಂದಾಗಿ ಮಿಡಿಯುತ್ತವೆ’ ಎಂದು ಬರೆದವು. ಹಾಗಲ್ಲ ಅದು. ಲಬ್-ಡಬ್ ಎಲ್ಲರದೂ ಒಂದೇ ಕ್ಷಣಕ್ಕೆ ಬೀಳುವುದಿಲ್ಲ. ವೇಗ ಏರುವ ಇಳಿಯುವ ಕ್ರಮ ಹೊಂದುತ್ತದೆ. ಅದೂ 15 ಮಕ್ಕಳಲ್ಲಿ ಕಂಡದ್ದು. ಪಾಠ ಮಾಡಿದವನ ಚಟ, ಇಂಥದ್ದನ್ನು ತಿದ್ದದೇ ಇರಲಾರೆ.

ಇಂಗ್ಲೆಂಡಿನಲ್ಲಿ ರಾಬಿನ್ ಡನ್‌ಬರ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೀಗೇ ಅರ್ಧ ಮಾತ್ರ ಪ್ರಚಾರವಾಯಿತು. ಏಳು ತಿಂಗಳ ತರಗತಿಗಳು. ಕೆಲವರಿಗೆ ಹಾಡು, ಕೆಲವರಿಗೆ ಕರಕುಶಲ, ಕೆಲವರಿಗೆ ಬರವಣಿಗೆ. ಹಾಡಿನವರು ಬಹು ಬೇಗ ಹತ್ತಿರವಾದರು, ನಿಜ. ಆದರೆ ಏಳು ತಿಂಗಳು ಕಳೆಯುವಾಗ ಉಳಿದವರೂ ಅಷ್ಟೇ ಹತ್ತಿರವಾಗಿದ್ದರು. ನಮ್ಮ ಮಹಡಿಯಲ್ಲಿ ಮಾತು ಬಿಟ್ಟಿರುವ ಇಬ್ಬರು ನಾಲ್ಕು ವರ್ಷದಿಂದ ಒಂದೇ ಸಾಲಿನಲ್ಲಿ ನಿಂತು ಹಾಡುತ್ತಿದ್ದಾರೆ. ಅದನ್ನು ಯಾವ ಕೋಷ್ಟಕಕ್ಕೆ ಹಾಕುವುದೋ.

2019ರ ಮಾರ್ಚ್ 21ರಂದು ಗೂಗಲ್ ತನ್ನ ಮುಖಪುಟದಲ್ಲಿ ಒಂದು ಆಟ ಇಟ್ಟಿತ್ತು. ನೀವು ಪುಟ್ಟದೊಂದು ರಾಗ ಕೊಟ್ಟರೆ ಯಂತ್ರ ಅದಕ್ಕೆ ಬಾಖ್‌ನ ಶೈಲಿಯಲ್ಲಿ ಉಳಿದ ಮೂರು ಧ್ವನಿ ಜೋಡಿಸುತ್ತಿತ್ತು. ಅದಕ್ಕೆ ಕಲಿಸಲು ಬಳಸಿದ್ದು 306 ಕೋರಾಲ್‌ಗಳು. ಚೆನ್ನಾಗಿಯೇ ಇತ್ತು. ಅದಕ್ಕೆ ಶ್ವಾಸಕೋಶ ಇಲ್ಲದ್ದರಿಂದ ನನ್ನ ಪ್ರಶ್ನೆ ಅದರ ಬಳಿ ಕೇಳುವಂತಿರಲಿಲ್ಲ.

ಆ ಪ್ರಶ್ನೆಯನ್ನು ಕೊನೆಗೆ ಕೇಳಿದ್ದು ಊರಿನಲ್ಲಿ, ದೀಪಾವಳಿಗೆ ಹೋದಾಗ. ನಮ್ಮ ಕಡೆ ಅಂಟಿಗೆ ಪಂಟಿಗೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ: ದೀಪ ಹೊತ್ತ ಗಂಡಸರ ತಂಡ ರಾತ್ರಿಯಿಡೀ ಮನೆಮನೆಗೆ ನಡೆದು ಹಾಡುತ್ತದೆ. ದೀಪ ಆರುವಂತಿಲ್ಲ. ಅಂಗಳದಲ್ಲಿ ನಿಂತು ಬಾಗಿಲು ತೆಗೆಯಿರೆಂದು ಹಾಡಿನಲ್ಲೇ ಕೇಳುತ್ತಾರೆ; ಮನೆಯವರು ಆ ಜ್ಯೋತಿಯಿಂದ ತಮ್ಮ ದೀಪ ಹಚ್ಚಿಕೊಂಡು, ತಂದ ದೀಪಕ್ಕೆ ಎಣ್ಣೆ ಎರೆದು, ಅಕ್ಕಿ ಕಾಯಿ ದುಡ್ಡು ಕೊಟ್ಟು ಕಳಿಸುತ್ತಾರೆ. ನಾನು ಹುಡುಗನಾಗಿದ್ದಾಗ ಗದ್ದೆ ಬಯಲಿನ ಆಚೆ ಯಾವ ಮನೆಯ ನಾಯಿ ಬೊಗಳಿತು ಎನ್ನುವುದರ ಮೇಲೆ ತಂಡ ಎಲ್ಲಿಗೆ ಬಂತೆಂದು ಲೆಕ್ಕ ಹಾಕುತ್ತ ಕಂಬಳಿಯೊಳಗೆ ಎದ್ದಿರುತ್ತಿದ್ದೆ.

ಶ್ರುತಿಪೆಟ್ಟಿಗೆ ಇಲ್ಲ, ನಿರ್ದೇಶಕ ಇಲ್ಲ. ಮುಂದಿನವರು ಹೇಳಿದ ಸಾಲನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳುವುದು ಮುಗಿದ ಮೇಲಲ್ಲ. ಮೊದಲಿನವರ ಕೊನೆಯ ಅಕ್ಷರ ಇನ್ನೂ ಗಾಳಿಯಲ್ಲಿರುವಾಗಲೇ. ಐವತ್ತು ವರ್ಷ ದೀಪ ಹೊತ್ತ ಒಬ್ಬ ಅಜ್ಜನನ್ನು ಜಗಲಿಯಲ್ಲಿ ಕೂರಿಸಿ ಕೇಳಿದೆ, ‘ಅಜ್ಜಯ್ಯ, ನೀವು ಉಸಿರು ಎಲ್ಲಿ ತಗೊಳ್ಳೋದು?’

ನನ್ನನ್ನು ಒಮ್ಮೆ ನೋಡಿದರು. ‘ಇದೆಂಥ ಪ್ರಶ್ನೆ ಮೇಷ್ಟ್ರೇ. ಅವ್ರು ಹೇಳೋವಾಗ ನಾವ್ ತಗಳದು, ನಾವ್ ಹೇಳೋವಾಗ ಅವ್ರು ತಗಳದು. ಗುಡ್ಡ ಹತ್ತೋವಾಗ ಹಾಡದಿಲ್ಲ.’

ಆ ರಾತ್ರಿ ನಮ್ಮ ಅಂಗಳದ ಹಾಡನ್ನು ಮೊಬೈಲಿನಲ್ಲಿ ಹಿಡಿದುಕೊಂಡೆ. 11 ನಿಮಿಷ. ನಡುವೆ ಅತ್ತಿಗೆ ಎಣ್ಣೆ ಎರೆಯಲು ಹತ್ತಿರ ಬರುತ್ತಾರೆ. ದೀಪ ಹಿಡಿದವನು ಹಾಡು ಬಿಟ್ಟು ಬಗ್ಗಿ ಬತ್ತಿ ಮುಂದಕ್ಕೆ ನೂಕುತ್ತಾನೆ. ಒಂದೂವರೆ ಸಾಲು ಅವನ ಧ್ವನಿ ಇಲ್ಲ. ಅದು ಯಾವ ಸಾಲು ಎಂದು ಪತ್ತೆ ಮಾಡಲು ನಾನು ನಾಲ್ಕು ಸಲ ಕೇಳಬೇಕಾಯಿತು.

ನಮಸ್ಕಾರ.