ಬದನೆಕಾಯಿ ಬೇಡವೆಂದ ಮನೆಯ ಎಣ್ಣೆ

ಕೇಳುಗರಿಗೆ ನಮಸ್ಕಾರ.

ಕುಲಾಂತರಿ ಆಹಾರದ, ಅಂದರೆ ಬೇರೊಂದು ಜೀವಿಯ ವಂಶವಾಹಿ ಸೇರಿಸಿದ ಬೆಳೆಯಿಂದ ಬರುವ ಆಹಾರದ ಮಾತು ಬಂದಾಗಲೆಲ್ಲ ನನಗೆ ರಾಯಚೂರಿನ ನಮ್ಮ ಓಣಿಯ ಹಿರಿಯ ಹೆಣ್ಣುಮಗಳೊಬ್ಬರ ಪ್ರಶ್ನೆ ನೆನಪಾಗುತ್ತದೆ. ಎಣಗಾಯಿಗೆಂದು ತಂದ ಬದನೆಕಾಯಿಗಳನ್ನು ಒಂದೊಂದಾಗಿ ನಾಲ್ಕು ಸೀಳಿ, ಒಳಗೆ ಹುಳವಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಲೇ ಅವರು, ಹುಳ ಬೀಳದಂತೆ ರೂಪಿಸಿದ ಬಿಟಿ ಬದನೆಯ ಬಗ್ಗೆ, “ಹುಳಾನ ತಿನ್ನಂಗಿಲ್ಲ ಅಂದ್ರ ನಾವ್ಯಾಕ ತಿನ್ನಬೇಕ್ರೀ?” ಎಂದಿದ್ದರು.

ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ, ಪ್ರಶ್ನೆಗೆ ಉತ್ತರವಿದೆ. ಬಿಟಿ ಬದನೆಗೆ ಸೇರಿಸಿದ್ದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಚಿಕ್ಕದಾಗಿ ಬಿಟಿ) ಎಂಬ ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿ. ಅದರಿಂದ ಉಂಟಾಗುವ ಪ್ರೋಟೀನು ಕಾಯಿಕೊರಕದ ಕ್ಷಾರೀಯ ಕರುಳಿನಲ್ಲಿ ಚುರುಕಾಗಿ ಹುಳವನ್ನು ಕೊಲ್ಲುತ್ತದೆ. ನಮ್ಮ ಜಠರ ಆಮ್ಲೀಯವಾದ್ದರಿಂದ ಅಲ್ಲಿ ಅದು ಬೇರೆ ಪ್ರೋಟೀನುಗಳಂತೆ ಜೀರ್ಣವಾಗುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ಇಷ್ಟನ್ನು ಆ ತಾಯಿಯ ಅಡುಗೆಮನೆಗೆ ಬಂದು ಹೇಳಿದವರು ಯಾರೂ ಇಲ್ಲ. ಬೆಂಗಳೂರು ಸೇರಿದಂತೆ ಏಳು ನಗರಗಳಲ್ಲಿ ಜನರ ಅಹವಾಲು ಕೇಳಿದ ಮೇಲೆ, 2010ರ ಫೆಬ್ರವರಿಯಲ್ಲಿ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಆ ಬದನೆಗೆ ತಡೆ ಹಾಕಿದರು.

ಬದನೆಕಾಯಿ ನಿಂತಿತು, ನಿಜ. ಆದರೆ 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿ ಅಷ್ಟರಲ್ಲಿ ನಮ್ಮ ಎರೆಹೊಲಗಳನ್ನೆಲ್ಲ ಆವರಿಸಿತ್ತು. ಸುಗ್ಗಿಯಲ್ಲಿ ರಾಯಚೂರಿನ ಗಂಜ್ ಮಾರುಕಟ್ಟೆಗೆ ಹತ್ತಿಯ ಗಾಡಿಗಳು ಬಂದಾಗ ದಾರಿಬದಿಯ ಜಾಲಿಮುಳ್ಳಿಗೂ ಅರಳೆ ಸಿಕ್ಕಿಕೊಂಡಿರುತ್ತದೆ. ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆಯಿಂದ ಬೇರ್ಪಟ್ಟ ಹತ್ತಿಕಾಳು ಎಣ್ಣೆಗಿರಣಿಗೆ ಹೋಗುತ್ತದೆ. ಅಲ್ಲಿಂದ ಹಿಂಡಿ ಎಮ್ಮೆಯ ಬಾನಿಗೆ, ಎಣ್ಣೆ ಮನುಷ್ಯರ ಬಾಣಲೆಗೆ. ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನು ಉಳಿಯುವುದು ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ನಾನು ಯಾರನ್ನೂ ಹೆದರಿಸುತ್ತಿಲ್ಲ. ಉಣ್ಣುವವರಿಗೆ ತಿಳಿಸದೆ ಉಣಿಸಿದ್ದು ನನ್ನ ತಕರಾರು. ಗುಲಾಬಿ ಕಾಯಿಕೊರಕ ಬಿಟಿ ಹತ್ತಿಗೂ ಬಗ್ಗದೆ ಹೋದುದನ್ನು ಕಣ್ಣಾರೆ ಕಂಡ ರೈತನೇ ಸಂಜೆ ಅಂಗಡಿಯಲ್ಲಿ ಎಣ್ಣೆ ಕೊಳ್ಳುವ ಗ್ರಾಹಕನೂ ಆಗಿರುವ ನಮ್ಮ ಸೀಮೆಯಲ್ಲಿ, ಬರೀ ಭರವಸೆಯ ಮಾತಿನಿಂದ ವಿಶ್ವಾಸ ಹುಟ್ಟುವುದಿಲ್ಲ.

ಕುಲಾಂತರಿ ಆಹಾರದ ಪೊಟ್ಟಣದ ಮೇಲ್ಭಾಗದಲ್ಲಿ ‘ಜಿಎಂ’ (ಕುಲಾಂತರಿ ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂದು ಮುದ್ರಿಸಬೇಕೆಂಬ ನಿಯಮ 2013ರ ಜನವರಿ 1ರಂದೇ ಜಾರಿಗೆ ಬಂದಿತು. ಮೊನ್ನೆ ನಮ್ಮ ಓಣಿಯ ಅಂಗಡಿಯಲ್ಲಿ ಮಿಶ್ರ ಎಣ್ಣೆಯ ಪೊಟ್ಟಣವೊಂದನ್ನು ತಿರುಗಿಸಿ ನೋಡಿದೆ. ಆ ಎರಡಕ್ಷರ ಎಲ್ಲಿಯೂ ಕಾಣಲಿಲ್ಲ. ಹತ್ತಿಕಾಳಿನ ಎಣ್ಣೆಯ ಹೆಸರು ಮಾತ್ರ ಹಿಂಬದಿಯಲ್ಲಿ, ಎಳ್ಳುಕಾಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿತ್ತು. ಪಕ್ಕದಲ್ಲಿದ್ದ ಅದೇ ಹಿರಿಯರಿಗೆ ಓದಿ ಹೇಳಿದೆ. ಅವರು ಪೊಟ್ಟಣವನ್ನು ಕೈಗೆ ತೆಗೆದುಕೊಂಡು, “ಇದನ್ನ ಕನ್ನಡದಾಗ ದೊಡ್ಡದಾಗಿ ಬರಿಯಾಕ ಏನಾಗೈತ್ರೀ?” ಎಂದು ಅಂಗಡಿಯವನನ್ನೇ ಕೇಳಿದರು.