ಲಿನಕ್ಸಿಗೆ ಲ್ಯಾಪ್‌ಟಾಪ್: ಒಳಗಿರುವ ಗ್ರಾಫಿಕ್ಸೇ ಸಾಕು

ಕೇಳುಗರಿಗೆ ನಮಸ್ಕಾರ.

ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಳ್ಳಲು ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಯಾವುದು ಅಂತ ನನ್ನನ್ನು ಯಾರಾದರೂ ಕೇಳದ ವಾರವಿಲ್ಲ. ಕೇಳುವವರಲ್ಲಿ ಕಾಲೇಜು ಸೇರಿದ ಮಕ್ಕಳಿದ್ದಾರೆ, ಅವರ ಅಪ್ಪ ಅಮ್ಮಂದಿರಿದ್ದಾರೆ, ರಿಟೈರ್ ಆದ ಮೇಷ್ಟ್ರುಗಳೂ ಇದ್ದಾರೆ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಮೇಲೆ ಈ ಪ್ರಶ್ನೆ ಇನ್ನೂ ಜಾಸ್ತಿಯಾಗಿದೆ. ಎಲ್ಲರಿಗೂ ನನ್ನ ಉತ್ತರ ಒಂದೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಬೇಡ. ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಸಾಕು. ಇಂಟೆಲ್ ಆದರೂ ಸರಿ, ಎಎಂಡಿ ಆದರೂ ಸರಿ.

ಇಷ್ಟು ಹೇಳಿ ನಾನು ಎದ್ದು ಹೋಗಬಹುದು. ಆದರೆ ಇಷ್ಟಕ್ಕೇ ಯಾರೂ ಒಪ್ಪುವುದಿಲ್ಲ. "ಕಾರ್ಡ್ ಇದ್ದರೆ ಒಳ್ಳೆಯದಲ್ವಾ ಸಾರ್, ಒಂದು ಇರಲಿ ಬಿಡಿ" ಅನ್ನುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪರದೆಯ ಮೇಲೆ ಅಕ್ಷರ, ಚಿತ್ರ, ವಿಡಿಯೊ ಮೂಡಿಸುವುದು ಗ್ರಾಫಿಕ್ಸ್ ಚಿಪ್ಪಿನ ಕೆಲಸ. ಆ ಚಿಪ್ಪಿನಿಂದ ಕೆಲಸ ಮಾಡಿಸುವ ಸಾಫ್ಟ್‌ವೇರ್‌ಗೆ ಡ್ರೈವರ್ ಅನ್ನುತ್ತಾರೆ. ಇಂಟೆಲ್ ಮತ್ತು ಎಎಂಡಿ ತಮ್ಮ ಡ್ರೈವರುಗಳನ್ನು ಯಾರು ಬೇಕಾದರೂ ಓದಿ ತಿದ್ದುವ ಹಾಗೆ ಮುಕ್ತವಾಗಿ ಬರೆದು, ಲಿನಕ್ಸಿನ ತಿರುಳಾದ ಕರ್ನಲ್ ಒಳಗೇ ಸೇರಿಸಿವೆ. ಎಎಂಡಿಯ ಈಗಿನ ಡ್ರೈವರ್ 2015ರಿಂದ ಅಲ್ಲಿದೆ. ಇಂಟೆಲ್‌ನದು ಅದಕ್ಕಿಂತ ಹಳೆಯದು. ಲಿನಕ್ಸಿಗೆ ಬೇರೆ ಬೇರೆ ರೂಪಗಳಿವೆ. ನೀವು ಉಬುಂಟು ಹಾಕಿ, ಮಿಂಟ್ ಹಾಕಿ, ಫೆಡೋರಾ ಹಾಕಿ, ಡ್ರೈವರ್ ಅದರ ಜೊತೆಗೇ ಬಂದಿರುತ್ತದೆ. ಹುಡುಕಬೇಕಿಲ್ಲ, ಡೌನ್‌ಲೋಡ್ ಮಾಡಬೇಕಿಲ್ಲ.

ಲ್ಯಾಪ್‌ಟಾಪಿನಲ್ಲಿ ಬೇರೆಯಾಗಿ ಬರುವ ಕಾರ್ಡು ಹೆಚ್ಚಾಗಿ ಎನ್ವಿಡಿಯಾ ಕಂಪನಿಯದು. ಅದರ ಕತೆ ಬೇರೆ. ಆ ಕಂಪನಿ ಎಷ್ಟೋ ವರ್ಷ ತನ್ನ ಡ್ರೈವರಿನ ಒಳಗನ್ನು ಯಾರಿಗೂ ತೋರಿಸಲಿಲ್ಲ. ಹೊರಗಿನವರು ಚಿಪ್ಪು ಹೇಗೆ ವರ್ತಿಸುತ್ತದೆ ಅಂತ ನೋಡಿ ನೋಡಿ, ನೂವೋ ಅಂತ ಒಂದು ಮುಕ್ತ ಡ್ರೈವರ್ ಬರೆದರು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಎಲ್ಲರ ಮುಂದೆಯೇ ಎನ್ವಿಡಿಯಾಗೆ ಬೈದರು. ಬೈದ ಮಾತನ್ನು ಬಾನುಲಿಯಲ್ಲಿ ಹೇಳುವ ಹಾಗಿಲ್ಲ! 2022ರ ಮೇ ತಿಂಗಳಲ್ಲಿ ಕಂಪನಿ ಡ್ರೈವರಿನ ಕರ್ನಲ್ ಭಾಗವನ್ನು ಬಿಟ್ಟುಕೊಟ್ಟಿತು. ಅದೂ ತನ್ನ ಟ್ಯೂರಿಂಗ್ ಅನ್ನುವ ಪೀಳಿಗೆ ಮತ್ತು ಅದರ ನಂತರದ ಚಿಪ್ಪುಗಳಿಗೆ ಮಾತ್ರ.

ಕರ್ನಲ್ ಒಳಗಿನ ಡ್ರೈವರ್ ಮನೆಯವರ ಹಾಗೆ. ಮನೆ ಬದಲಾಯಿಸಿದರೆ ಜೊತೆಗೇ ಬರುತ್ತಾರೆ, ಯಾರೂ ಕರೆಯಬೇಕಿಲ್ಲ. ಹೊರಗಿನಿಂದ ತಂದ ಡ್ರೈವರನ್ನು ಪ್ರತಿ ಹೊಸ ಕರ್ನಲ್ ಬಂದಾಗಲೂ ಮತ್ತೆ ಹೊಂದಿಸಬೇಕು. ನಂಬಿಕೆಯ ಸಾಫ್ಟ್‌ವೇರನ್ನು ಮಾತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಅದಕ್ಕೆ ಡಿಜಿಟಲ್ ಸಹಿಯೂ ಬೇಕು. ಒಂದು ಸಲ ತಪ್ಪಿತು ಅಂದರೆ, ಬೆಳಗ್ಗೆ ಎದ್ದು ನೋಡಿದಾಗ ಪರದೆ ಕಪ್ಪು. ಗೊತ್ತಿದ್ದವರು ಸರಿ ಮಾಡಿಕೊಳ್ಳುತ್ತಾರೆ. ನಾಳೆ ಅಸೈನ್‌ಮೆಂಟ್ ಕೊಡಬೇಕಾದ ಮಗು ಏನು ಮಾಡಬೇಕು?

ನಮ್ಮ ಬೀದಿಯಲ್ಲಿ ಒಬ್ಬರು ಟೈಲರ್ ಇದ್ದಾರೆ. ಅವರ ಮಗಳಿಗೆ ಬಿಸಿಎ ಸೀಟು ಸಿಕ್ಕಿತು. ಅಪ್ಪ ಮಗಳು ಮನೆಗೆ ಬಂದು, "35 ಸಾವಿರ ಹೊಂದಿಸಿದ್ದೀನಿ, ನೀವೂ ಬನ್ನಿ ಸಾರ್, ಎಸ್.ಪಿ. ರೋಡಲ್ಲಿ ನಮಗೇನೂ ಗೊತ್ತಾಗಲ್ಲ" ಅಂದರು. ಎಸ್.ಪಿ. ರೋಡ್ ಅಂದರೆ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ. ಉಬುಂಟು ಇರುವ ಪೆನ್‌ಡ್ರೈವ್ ಒಂದನ್ನು ಜೇಬಿಗೆ ಹಾಕಿಕೊಂಡು ಹೊರಟೆ. ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದು, ತಳ್ಳುಗಾಡಿ ಸ್ಕೂಟರುಗಳ ಮಧ್ಯೆ ದಾರಿ ಮಾಡಿಕೊಂಡು, ಒಂದು ಮಹಡಿ ಅಂಗಡಿ ಹತ್ತಿದೆವು.

ಅಂಗಡಿಯ ಹುಡುಗ ಮೊದಲು ತೋರಿಸಿದ್ದು ಕೀಬೋರ್ಡ್ ಕೆಳಗೆ ಕೆಂಪು ದೀಪ ಉರಿಯುವ ಲ್ಯಾಪ್‌ಟಾಪ್. ಕಂಪನಿ ಹೆಸರು ಇಲ್ಲಿ ಬೇಡ. "4 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದೆ ಸಾರ್, ಮೇಡಂ ಗೇಮ್ ಕೂಡ ಆಡಬಹುದು" ಅಂದ. ಮಗಳ ಕಣ್ಣು ಕೆಂಪು ದೀಪದ ಮೇಲೆ, ಅಪ್ಪನ ಕಣ್ಣು ಬೆಲೆಯ ಚೀಟಿಯ ಮೇಲೆ. ನಾನು ಪೆನ್‌ಡ್ರೈವ್ ತೆಗೆದೆ. "ಅಯ್ಯೋ, ವೈರಸ್ ಬರತ್ತೆ ಸಾರ್, ಓನರ್ ಬೈತಾರೆ" ಅಂತ ಹುಡುಗ ಕೈ ಅಡ್ಡ ಹಿಡಿದ. ಏನೂ ಇನ್‌ಸ್ಟಾಲ್ ಮಾಡಲ್ಲಪ್ಪ, ಇದು ಪೆನ್‌ಡ್ರೈವಿನಿಂದಲೇ ನಡೆಯುತ್ತದೆ, ನಿಮ್ಮ ಡಿಸ್ಕ್ ಮುಟ್ಟುವುದಿಲ್ಲ ಅಂತ ಹೇಳಿ ಹೇಳಿ ನನಗೆ ಗಂಟಲು ಒಣಗಿತು. ಕೊನೆಗೆ ಓನರೇ ಬಂದು, "ಹಾಕಲಿ ಬಿಡೋ" ಅಂದರು.

ಹಾಕಿದೆವು. ಉಬುಂಟು ಲೋಗೊ ಬಂತು, ಚಕ್ರ ತಿರುಗಿತು, ಆಮೇಲೆ ಪರದೆ ಪೂರ್ತಿ ಕಪ್ಪು. ಫ್ಯಾನ್ ಸದ್ದು ಮಾತ್ರ. "ನಿಮ್ಮ ಪೆನ್‌ಡ್ರೈವೇ ಹಾಳಾಗಿರಬೇಕು" ಅಂದ ಹುಡುಗ. ಮತ್ತೆ ಶುರು ಮಾಡಿ, ಮೆನುವಿನಲ್ಲಿ ಸೇಫ್ ಗ್ರಾಫಿಕ್ಸ್ ಅನ್ನುವ ಸಾಲು ಆರಿಸಿದೆ. ಈಗೇನೋ ಬಂತು, ಅಕ್ಷರಗಳೆಲ್ಲ ಊದಿಕೊಂಡ ಹಾಗೆ ದಪ್ಪ. ಸೆಟ್ಟಿಂಗ್ಸಿಗೆ ಹೋಗಿ ಗ್ರಾಫಿಕ್ಸ್ ಅನ್ನುವ ಸಾಲು ತೋರಿಸಿದೆ. ಅಲ್ಲಿ ಎಲ್‌ಎಲ್‌ವಿಎಂಪೈಪ್ ಅಂತ ಇತ್ತು. "ಇದ್ಯಾವ ಕಂಪನಿ ಅಂಕಲ್?" ಅಂತ ಮಗಳು ಕೇಳಿದಳು. ಕಂಪನಿಯಲ್ಲಮ್ಮ, ಕಾರ್ಡ್ ಸುಮ್ನೆ ಕೂತಿದೆ, ಪಾಪ ಪ್ರೊಸೆಸರೇ ಎಲ್ಲ ಚಿತ್ರ ಬರೆಯುತ್ತಿದೆ ಅಂತ ಅರ್ಥ ಅಂದೆ. ಒಂದು ವಿಡಿಯೊ ಹಾಕಿದರೆ ತುಂಡು ತುಂಡಾಗಿ ಓಡಿತು, ಫ್ಯಾನ್ ಕೂಗಿಕೊಂಡಿತು.

ಆಮೇಲೆ ಕೆಳಗಿನ ಕಪಾಟಿನಿಂದ ಒಂದು ಕಪ್ಪು ಲ್ಯಾಪ್‌ಟಾಪ್ ತೆಗೆಸಿದೆ. ಯಾವುದೋ ಆಫೀಸಿನಿಂದ ಬಂದದ್ದು. ಮೂಲೆ ಸವೆದಿತ್ತು, ಸ್ಟಿಕ್ಕರ್ ಕಿತ್ತ ಗುರುತು ಹಾಗೇ ಇತ್ತು. ಇಂಟೆಲ್ ಎಂಟನೇ ಪೀಳಿಗೆಯ ಐ5 ಪ್ರೊಸೆಸರ್, ಬೆಲೆ 22 ಸಾವಿರ. ಅದೇ ಪೆನ್‌ಡ್ರೈವ್. ಸೀದಾ ಡೆಸ್ಕ್‌ಟಾಪ್ ಬಂತು. ಗ್ರಾಫಿಕ್ಸ್ ಸಾಲಿನಲ್ಲಿ ಮೆಸಾ ಇಂಟೆಲ್ ಯುಎಚ್‌ಡಿ 620 ಅಂತ ಇತ್ತು, ಅಂದರೆ ಒಳಗಿನ ಗ್ರಾಫಿಕ್ಸೇ ಕೆಲಸ ಮಾಡುತ್ತಿದೆ. ಬೆಳಕು ಹೆಚ್ಚು ಕಡಿಮೆ ಮಾಡುವ ಕೀ ಕೆಲಸ ಮಾಡಿತು. ಮುಚ್ಚಳ ಮುಚ್ಚಿ ತೆರೆದರೆ ಎದ್ದು ಕೂತಿತು. ವಿಡಿಯೊ ನೀರಿನ ಹಾಗೆ ಹರಿಯಿತು. ಉಳಿದ ದುಡ್ಡಿನಲ್ಲಿ ರ್‍ಯಾಮ್ 16 ಜಿಬಿ ಮಾಡಿಸಿದೆವು. ಆಗಲೂ ಸ್ವಲ್ಪ ಮಿಕ್ಕಿತು. ಓನರು ಮೆಲ್ಲಗೆ, "ಆ ಪೆನ್‌ಡ್ರೈವಿನದ್ದು ನನಗೂ ಒಂದು ಕಾಪಿ ಹಾಕ್ಕೊಡ್ತೀರಾ ಸಾರ್?" ಅಂತ ಕೇಳಿದರು.

ಕತೆ ಉದ್ದವಾಯಿತು, ಸ್ಟುಡಿಯೊದವರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಬೆಂಗಳೂರಿನ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್ ಬದಲಾಯಿಸುತ್ತವೆ, ಹಳೆಯವು ಇಂಥ ಅಂಗಡಿಗಳಿಗೆ ಬರುತ್ತವೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ಪೀಳಿಗೆಯಿಂದ ಮೇಲಿನದೇ ಬೇಕು. ಹಾಗಾಗಿ ಆರು, ಏಳನೇ ಪೀಳಿಗೆಯವು ಅಗ್ಗಕ್ಕೆ ಸಿಗುತ್ತವೆ. ಲಿನಕ್ಸಿಗೆ ಅವು ಧಾರಾಳ ಸಾಕು. ಪೀಳಿಗೆ ತಿಳಿಯಲು ಐ5 ಆದ ಮೇಲೆ ಬರುವ ಅಂಕಿ ನೋಡಿ. 8350 ಅಂದರೆ ಎಂಟನೆಯದು, 1135 ಅಂದರೆ ಹನ್ನೊಂದನೆಯದು.

ಹೊಸದೇ ಬೇಕೆಂದರೆ ವಿಂಡೋಸ್ ಇಲ್ಲದ ಮಾಡೆಲ್ ಇದೆಯಾ ಅಂತ ಕೇಳಿ, ಆ ದುಡ್ಡು ಉಳಿಯುತ್ತದೆ. ಮೊನ್ನೆ ಮೊನ್ನೆ ಬಿಡುಗಡೆಯಾದ ಚಿಪ್ಪು ಬೇಡ. ಕರ್ನಲ್ ಅದನ್ನು ಗುರುತಿಸಲು ಸ್ವಲ್ಪ ಕಾಲ ಹಿಡಿಯುತ್ತದೆ. ಒಳಗಿನ ಗ್ರಾಫಿಕ್ಸ್ ತನಗೆ ಬೇಕಾದ ಮೆಮೊರಿಯನ್ನು ರ್‍ಯಾಮಿನಿಂದಲೇ ತೆಗೆದುಕೊಳ್ಳುತ್ತದೆ. ಹಾಗಾಗಿ 8 ಜಿಬಿಗಿಂತ ಕಡಿಮೆ ಬೇಡ.

"ಎಐ ಕಲಿಯಬೇಕು, ಕಾರ್ಡ್ ಬೇಡವಾ?" ಅಂತ ಕೇಳುವವರಿದ್ದಾರೆ. ಕಲಿಯಲು ಬೇಡ! ದೊಡ್ಡ ಲೆಕ್ಕಗಳನ್ನು ಕಾಲೇಜಿನ ಲ್ಯಾಬಿನಲ್ಲೋ ಇಂಟರ್‌ನೆಟ್ ಮೇಲೋ ಮಾಡಿಸಿ. 35 ಸಾವಿರದ ಲ್ಯಾಪ್‌ಟಾಪಿನಲ್ಲಿ ಒಳಗಿನ ಗ್ರಾಫಿಕ್ಸ್ ಸಾಕು, ಮತ್ತೆ ಹೇಳುತ್ತೇನೆ, ಸಾಕು.

ವೈ-ಫೈ ಬಗ್ಗೆ ಹೇಳುವುದು ತುಂಬ ಇತ್ತು, ಸಮಯವಿಲ್ಲ. ಅಂಗಡಿಯಲ್ಲಿ ಪೆನ್‌ಡ್ರೈವ್ ಹಾಕಿದಾಗಲೇ ನಿಮ್ಮ ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿ ನೋಡಿ. ಸೇರದಿದ್ದರೆ ಪಕ್ಕದ ಲ್ಯಾಪ್‌ಟಾಪ್ ತೋರಿಸಲು ಹೇಳಿ. ನಮಸ್ಕಾರ.